ಆಡಳಿತದ ನಕ್ಷೆಯಲ್ಲಿ ಚೌಕಗಳ ಸ್ಥಾನ

ಸರಕಾರಿ ಕಚೇರಿಗಳ ಗೋಡೆಯ ಮೇಲೆ ಒಂದು ನಕ್ಷೆಯನ್ನು ತೂಗುಹಾಕಿರುವದುಂಟು. ಮೇಲೆ ಒಂದು ಚೌಕ, ಅದರ ಕೆಳಗೆ ಎರಡೋ ಮೂರೋ, ಅವುಗಳ ಕೆಳಗೆ ಹತ್ತಾರು. ಎಲ್ಲವನ್ನೂ ಗೆರೆಗಳು ಕೂಡಿಸಿರುತ್ತವೆ. ಇದಕ್ಕೆ ಸಂಘಟನಾ ನಕ್ಷೆ ಎನ್ನುವರು. ಕೆಲಸಕ್ಕೆಂದು ಬಂದವರು ಅದನ್ನು ಹಳೆಯ ಕ್ಯಾಲೆಂಡರನ್ನು ನೋಡಿದಂತೆ ನೋಡಿ ಮುಂದೆ ಸಾಗುವರು. ಆದರೆ ಆ ನಕ್ಷೆಯಲ್ಲಿ ಅಕ್ಷರಕ್ಕಿಂತ ಹೆಚ್ಚು ಮಾತಾಡುವದು ಸ್ಥಾನ. 'ತಹಶೀಲ್ದಾರ' ಎಂಬ ಶಬ್ದವು ಅಲ್ಲಿ ಕುಳಿತವರು ಯಾರೆಂಬುದನ್ನು ಮಾತ್ರ ಹೇಳೀತು. ಅವರ ತೀರ್ಪು ನಮಗೆ ಒಪ್ಪಿಗೆಯಾಗದಿದ್ದರೆ ಯಾರ ಬಾಗಿಲಿಗೆ ಹೋಗಬೇಕೆಂಬುದನ್ನು ಹೇಳುವದು ಆ ಶಬ್ದದ ನೆತ್ತಿಯ ಮೇಲಿರುವ ಚೌಕ.

ಈ ವರ್ಷ ಅಂತಿಮ ಬಿ.ಎ. ತರಗತಿಯ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ತಮ್ಮ ತಮ್ಮ ತಾಲೂಕಿನ ಆಡಳಿತದ ನಕ್ಷೆಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವ ಕೆಲಸ ಬಂದಿತು. ತರಗತಿಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನವರಿರುವದರಿಂದ ಮೂರು ನಕ್ಷೆಗಳು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಬಂದವು. ಯಾವ ಚೌಕ ಎಲ್ಲಿ ಕೂಡ್ರಬೇಕೆಂಬ ಬಗ್ಗೆ ಆಗ ನಡೆದ ವಾದವೇ ಈ ಲೇಖನಕ್ಕೆ ಕಾರಣ. ನನಗೆ ಇದರಲ್ಲಿ ಇನ್ನೊಂದು ಆಸಕ್ತಿಯೂ ಇದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದಕಾರಣ ಓಣಿಯವರ ಅರ್ಜಿಗಳೆಲ್ಲ ಸಂಜೆ ನಮ್ಮ ಕಟ್ಟೆಗೆ ಬರುತ್ತವೆ. "ತಮ್ಮಾ, ಈ ಕಾಗದಾ ಯಾರ ಮುಂದ ಇಡಬೇಕೋ?" ಎಂದು ಹಿರಿಯರು ಕೇಳುವಾಗ ಅವರು ನಿಜವಾಗಿ ಕೇಳುತ್ತಿರುವದು ಚೌಕದ ಸ್ಥಾನವನ್ನೇ. ತಪ್ಪು ಬಾಗಿಲಿಗೆ ಹೋದವನಿಗೆ ಒಂದು ದಿನದ ಕೂಲಿಯೂ ಬಸ್ಸಿನ ಚಾರ್ಜೂ ಹೋಗುವದು. ಅರ್ಜಿಯ ಅವಧಿ ಮೀರಿದರೆ ಹೊಲವೇ ಹೋದೀತು.

ಇಂಥ ನಕ್ಷೆಗಳ ಹುಟ್ಟು ಬಹಳ ಹಳೆಯದಲ್ಲ. ಅಮೇರಿಕೆಯ ನ್ಯೂಯಾರ್ಕ್ ಮತ್ತು ಈರಿ ರೇಲ್ವೆಯ ಮುಖ್ಯ ವ್ಯವಸ್ಥಾಪಕನಾಗಿದ್ದ ಡ್ಯಾನಿಯಲ್ ಮೆಕ್ಯಾಲಮ್ ಎಂಬವನು ೧೮೫೫ರಲ್ಲಿ ತನ್ನ ರೇಲ್ವೆಯ ನೌಕರರ ನಕ್ಷೆಯೊಂದನ್ನು ಮಾಡಿಸಿದನು. ಇದನ್ನೇ ಮೊಟ್ಟಮೊದಲ ಆಧುನಿಕ ಸಂಘಟನಾ ನಕ್ಷೆಯೆಂದು ಹೇಳುವರು. ಅದರ ಆಕಾರ ಇಂದಿನದಕ್ಕೆ ತೀರ ವಿರುದ್ಧವಾದದ್ದು. ಅದು ಒಂದು ಗಿಡದಂತೆ ಬೆಳೆದಿದೆ: ನಿರ್ದೇಶಕ ಮಂಡಳಿಯೂ ಅಧ್ಯಕ್ಷರೂ ಬುಡದಲ್ಲಿ ಬೇರಿನ ಸ್ಥಾನದಲ್ಲಿರುವರು, ದಾರಿಯ ಬೇರೆ ಬೇರೆ ಭಾಗಗಳು ಟೊಂಗೆಗಳಾಗಿ ಹರಡಿರುವವು, ಕೆಳದರ್ಜೆಯ ನೌಕರರು ಎಲೆಗಳಂತೆ ಮೇಲ್ತುದಿಯಲ್ಲಿರುವರು. ದೊಡ್ಡವನ ಚೌಕ ಮೇಲೆಯೇ ಇರಬೇಕೆಂಬುದು ಸೃಷ್ಟಿಯ ನಿಯಮವಲ್ಲ, ರೂಢಿ ಮಾತ್ರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನು ನಮ್ಮ ಕೆಲಸಕ್ಕೆ ಬರೋಣ. ಮೈಕ್ರೋಸಾಫ್ಟ್ ವರ್ಡ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ 'ಇನ್ಸರ್ಟ್' ಎಂಬಲ್ಲಿ ಒತ್ತಿ 'ಸ್ಮಾರ್ಟ್‌ಆರ್ಟ್' ಆರಿಸಿಕೊಂಡರೆ 'ಹೈರಾರ್ಕಿ' ಎಂಬ ಗುಂಪಿನಲ್ಲಿ ಸಂಘಟನಾ ನಕ್ಷೆಯ ಮಾದರಿ ಸಿಗುವದು. ಪುಟದ ಮೇಲೆ ಚೌಕಗಳೂ, ಪಕ್ಕದಲ್ಲಿ ಒಂದು ಪಟ್ಟಿಯೂ ತೆರೆದುಕೊಳ್ಳುವವು. ಹೊಸಬರು ಚೌಕದೊಳಗೇ ಬರೆಯತೊಡಗುವರು. ಆದರೆ ಪಟ್ಟಿಯಲ್ಲಿ ಬರೆಯುವದೇ ಸುಲಭ. ಅಲ್ಲಿ ಒಂದೊಂದು ಸಾಲು ಒಂದೊಂದು ಚೌಕ. ಎಂಟರ್ ಒತ್ತಿದರೆ ಅದೇ ದರ್ಜೆಯ ಹೊಸ ಚೌಕ ಬರುವದು. ಟ್ಯಾಬ್ ಒತ್ತಿದರೆ ಸಾಲು ಒಳಕ್ಕೆ ಸರಿದು ಚೌಕವು ಒಂದು ಮೆಟ್ಟಿಲು ಕೆಳಗಿಳಿಯುವದು. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದು ಮೆಟ್ಟಿಲು ಮೇಲೇರುವದು. ಇದೇ ಕೆಲಸಕ್ಕೆ ಮೇಲಿನ ಪಟ್ಟಿಯಲ್ಲಿ 'ಪ್ರಮೋಟ್', 'ಡಿಮೋಟ್' ಎಂಬ ಎರಡು ಗುಂಡಿಗಳಿವೆ. ಸರಕಾರದಲ್ಲಿ ಬಡ್ತಿಗಾಗಿ ಕಾಯ್ದು ತಲೆ ನರೆತವರು ಈ ಗುಂಡಿಯನ್ನು ನೋಡಬೇಕು!

ಕಂದಾಯ ಖಾತೆಯ ಏಣಿಯನ್ನು ಹೀಗೆ ಬರೆಯಬಹುದು: ಜಿಲ್ಲಾಧಿಕಾರಿ, ಅವರ ಕೆಳಗೆ ಉಪವಿಭಾಗಾಧಿಕಾರಿ, ಅವರ ಕೆಳಗೆ ತಹಶೀಲ್ದಾರ, ಬಳಿಕ ಉಪ ತಹಶೀಲ್ದಾರ, ಕಂದಾಯ ನಿರೀಕ್ಷಕ, ಕೊನೆಗೆ ಊರಿನಲ್ಲಿರುವ ಗ್ರಾಮ ಆಡಳಿತಾಧಿಕಾರಿ. ನಮ್ಮ ಅಜ್ಜ ಇಂದಿಗೂ ಇವರನ್ನು ಪ್ರಾಂತ ಸಾಹೇಬ, ಮಾಮಲೇದಾರ, ತಲಾಠಿ ಎಂದೇ ಕರೆಯುವನು. ೧೯೫೬ರ ನವೆಂಬರ ಒಂದರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದ ಕಾಲದ ಹೆಸರುಗಳವು. ನಮ್ಮ ಭಾಗದ ಬಾಯಿಂದ ಇನ್ನೂ ಹೋಗಿಲ್ಲ. ತಲಾಠಿ ಹೋಗಿ ಗ್ರಾಮ ಲೆಕ್ಕಾಧಿಕಾರಿ ಬಂದ, ಲೆಕ್ಕಾಧಿಕಾರಿ ಹೋಗಿ ಆಡಳಿತಾಧಿಕಾರಿ ಬಂದ. ಚೌಕದೊಳಗಿನ ಅಕ್ಷರ ಎರಡು ಸಲ ಬದಲಾದರೂ ಚೌಕ ಕುಳಿತ ಜಾಗ ಮಾತ್ರ ಕದಲಲಿಲ್ಲ.

ತಹಶೀಲ್ದಾರರ ಕಚೇರಿಯ ಶಿರಸ್ತೇದಾರರನ್ನು ಎಲ್ಲಿ ಕೂಡ್ರಿಸಬೇಕೆಂಬುದು ನಮ್ಮ ಮೊದಲನೆಯ ಜಗಳ. ಅವರನ್ನು ಏಣಿಯ ನಡುವಿನ ಮೆಟ್ಟಿಲಾಗಿ ಮಾಡಿದರೆ ಕಂದಾಯ ನಿರೀಕ್ಷಕರು ಅವರ ಮೂಲಕವೇ ತಹಶೀಲ್ದಾರರನ್ನು ಕಾಣಬೇಕೆಂದು ಅರ್ಥವಾದೀತು. ಇಂಥವರಿಗಾಗಿಯೇ ತಂತ್ರಾಂಶದಲ್ಲಿ 'ಅಸಿಸ್ಟಂಟ್' ಎಂಬ ಬಗೆಯ ಚೌಕವಿದೆ; ಅದು ಮುಖ್ಯ ಗೆರೆಯ ಪಕ್ಕಕ್ಕೆ ತೂಗಿಕೊಂಡಿರುವದು. ಹಾಗೆ ಮಾಡಿದೆವು, ಜಗಳ ತೀರಿತು.

ಕನ್ನಡದಲ್ಲಿ ಬರೆಯುವವರಿಗೆ ಒಂದು ತೊಡಕುಂಟು. ನಮ್ಮ ಹುದ್ದೆಗಳ ಹೆಸರುಗಳು ಉದ್ದವಾದವು. 'ಪಂಚಾಯತಿ ಅಭಿವೃದ್ಧಿ ಅಧಿಕಾರಿ' ಎಂದು ಬರೆದರೆ ಅದು ಚೌಕದಲ್ಲಿ ಹಿಡಿಸದು. ಆಗ ತಂತ್ರಾಂಶವು ಆ ಒಂದು ಚೌಕದ ಸಲುವಾಗಿ ಉಳಿದ ಚೌಕಗಳ ಅಕ್ಷರಗಳನ್ನೂ ಸಣ್ಣದು ಮಾಡಿಬಿಡುವದು. ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಹೊಸ ಚೌಕ ಹುಟ್ಟದೆ, ಅದೇ ಚೌಕದೊಳಗೆ ಸಾಲು ಮುರಿಯುವದು. ಅದಕ್ಕೂ ಮೀರಿದರೆ ಚೌಕವನ್ನೇ ಅಗಲ ಮಾಡಬೇಕು. ಇನ್ನು ನುಡಿಯ ಹಳೆಯ ಅಕ್ಷರಗಳಲ್ಲಿ ಬರೆಯುವವರು ಪಕ್ಕದ ಪಟ್ಟಿಯನ್ನು ನೋಡಿ ಬೆಚ್ಚುವರು. ಅಲ್ಲಿ ಅಕ್ಷರದ ವಿನ್ಯಾಸ ಕಾಣದಾದ್ದರಿಂದ ಕನ್ನಡವು ಅರ್ಥವಿಲ್ಲದ ಇಂಗ್ಲೀಷ ಅಕ್ಷರಗಳ ಗುಡ್ಡೆಯಾಗಿ ತೋರುವದು. ಯುನಿಕೋಡ್ ಅಕ್ಷರಗಳಲ್ಲಿ ಬರೆದರೆ ಈ ಪೀಡೆ ಇಲ್ಲ. ಮುದ್ರಿಸಲು ಬೇರೆ ಅಂಗಡಿಗೆ ಒಯ್ದಾಗಲೂ ಅಕ್ಷರ ಕೆಡವು.

ಮೂಡಲಗಿಯ ಚೌಕದ ಕಥೆ ಸ್ವಾರಸ್ಯಕರವಾದದ್ದು. ೨೦೧೮ರಲ್ಲಿ ಮೂಡಲಗಿ ಗೋಕಾಕದಿಂದ ಬೇರೆಯಾಗಿ ಸ್ವತಂತ್ರ ತಾಲೂಕಾಯಿತು. ಅಂದರೆ ಕಂದಾಯದ ನಕ್ಷೆಯಲ್ಲಿ ಗೋಕಾಕದ ಕೆಳಗಿದ್ದ ಚೌಕ ಗೋಕಾಕದ ಪಕ್ಕಕ್ಕೆ ಬಂದಿತು. ಗೆಳೆಯನೊಬ್ಬನು ಹಳೆಯ ನಕ್ಷೆಯನ್ನು ತಿದ್ದಲು ಆ ಚೌಕವನ್ನು ಮೌಸಿನಿಂದ ಹಿಡಿದು ಮೇಲಕ್ಕೆ ಎಳೆದನು. ಚೌಕವೇನೋ ಮೇಲೆ ಬಂದಿತು. ಆದರೆ ಅದನ್ನು ಗೋಕಾಕಕ್ಕೆ ಕಟ್ಟಿದ ಗೆರೆಯೂ ಬೆನ್ನು ಹತ್ತಿಯೇ ಬಂದಿತು. ಇಲ್ಲಿಯೇ ಇಡೀ ವಿಷಯದ ಕೀಲಿಯಿದೆ. ಚೌಕವನ್ನು ಎಳೆದರೆ ಜಾಗ ಬದಲಾಗುವದು, ಸಂಬಂಧ ಬದಲಾಗದು. ಸಂಬಂಧ ಬದಲಾಗಬೇಕಾದರೆ ಪಟ್ಟಿಯಲ್ಲಿ ಸಾಲು ಹೊರಕ್ಕೆ ಸರಿಯಬೇಕು. ಮೂಡಲಗಿಯ ಸಾಲನ್ನು ಅದರ ಕೆಳಗಿನ ಊರುಗಳ ಸಾಲುಗಳೊಡನೆ ಕತ್ತರಿಸಿ ಗೋಕಾಕದ ಪರಿವಾರವೆಲ್ಲ ಮುಗಿದ ಮೇಲೆ ಅಂಟಿಸಿ, ಎಲ್ಲವನ್ನೂ ಒಟ್ಟಿಗೆ ಆರಿಸಿಕೊಂಡು ಶಿಫ್ಟ್ ಮತ್ತು ಟ್ಯಾಬ್ ಒತ್ತಿದರೆ ಊರುಗಳು ದಿಕ್ಕಾಪಾಲಾಗದೆ ತಮ್ಮ ಹೊಸ ತಾಲೂಕಿನೊಡನೆ ಬರುವವು.

ಸರಕಾರವೂ ಎಲ್ಲ ಖಾತೆಗಳ ಚೌಕವನ್ನು ಒಂದೇ ದಿನ ಸರಿಸುವದಿಲ್ಲ. ಶಿಕ್ಷಣ ಖಾತೆಯಲ್ಲಿ ಮೂಡಲಗಿ ವಲಯವೆಂಬ ಚೌಕ ತಾಲೂಕು ಹುಟ್ಟುವ ಮೊದಲೇ ಇದ್ದಿತು. ಅಷ್ಟೇ ಅಲ್ಲ, ಮೇಲಿನ ಚೌಕಗಳೂ ಖಾತೆಗೊಂದು ರೀತಿ. ಗೋಕಾಕ, ಮೂಡಲಗಿಗಳ ಕಂದಾಯದ ಉಪವಿಭಾಗಾಧಿಕಾರಿಗಳು ಕೂಡ್ರುವದು ದಕ್ಷಿಣದ ಬೈಲಹೊಂಗಲದಲ್ಲಿ. ಶಾಲೆಗಳ ಮೇಲಿನ ಉಪನಿರ್ದೇಶಕರು ಕೂಡ್ರುವದು ವಾಯವ್ಯದ ಚಿಕ್ಕೋಡಿಯಲ್ಲಿ. ಹುಕ್ಕೇರಿಯ ಶಾಲೆಗಳೂ ಅದೇ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಪೋಲೀಸ ಉಪವಿಭಾಗದ ಕಚೇರಿ ಗೋಕಾಕದಲ್ಲಿಯೇ ಇದೆ. ಲೋಕಸಭೆಯ ಚುನಾವಣೆ ಬಂದರೆ ಗೋಕಾಕ ಹಾಗೂ ಅರಭಾವಿ ಕ್ಷೇತ್ರದವರು ಬೆಳಗಾವಿಗೂ, ಹುಕ್ಕೇರಿ ಹಾಗೂ ಯಮಕನಮರಡಿ ಕ್ಷೇತ್ರದವರು ಚಿಕ್ಕೋಡಿಗೂ ಮತ ಹಾಕುವರು. ಹೀಗಿರುವಾಗ 'ನಮ್ಮ ತಾಲೂಕಿನ ಆಡಳಿತ' ಎಂದು ಒಂದೇ ಹಾಳೆಯಲ್ಲಿ ಒಂದೇ ಗಿಡ ಬರೆಯಲು ಹೊರಟರೆ ಸುಳ್ಳು ಬರೆದಂತಾಗುವದು. ಖಾತೆಗೊಂದು ನಕ್ಷೆ ಮಾಡುವದೇ ಲೇಸು. ಪಹಣಿಯ ತಿದ್ದುಪಡಿಯಲ್ಲಿ ತಹಶೀಲ್ದಾರರ ಆದೇಶ ಒಪ್ಪಿಗೆಯಾಗದ ಗೋಕಾಕದ ರೈತನು ಮೇಲ್ಮನವಿಯನ್ನು ಒಯ್ಯಬೇಕಾದದ್ದು ಬೈಲಹೊಂಗಲದ ಉಪವಿಭಾಗಾಧಿಕಾರಿಗಳ ಮುಂದೆ. ಅವನಿಗೆ ಚಿಕ್ಕೋಡಿಯ ದಾರಿ ತೋರಿಸುವ ನಕ್ಷೆ ಎಷ್ಟು ಅಂದವಾಗಿದ್ದರೇನು?

ಇನ್ನು ಖಾಲಿ ಚೌಕದ ಪ್ರಶ್ನೆ. ೨೦೧೬ರಲ್ಲಿ ಆಯ್ಕೆಯಾದ ಜಿಲ್ಲಾ ಹಾಗೂ ತಾಲೂಕು ಪಂಚಾಯತಿಗಳ ಅವಧಿ ೨೦೨೧ರಲ್ಲಿ ಮುಗಿಯಿತು. ತರುವಾಯ ವರ್ಷಗಟ್ಟಲೆ ಚುನಾವಣೆ ನಡೆಯದೆ ಅವು ಸರಕಾರ ನೇಮಿಸಿದ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದವು. ಆ ವರ್ಷಗಳ ನಕ್ಷೆಯನ್ನು ಬರೆಯುವಾಗ ತಾಲೂಕು ಪಂಚಾಯತಿ ಅಧ್ಯಕ್ಷರ ಚೌಕವನ್ನು ಏನು ಮಾಡಬೇಕು? "ಅಲ್ಲಿ ಯಾರೂ ಇಲ್ಲ, ಅಳಿಸಿಬಿಡು" ಎಂದರು ಕೆಲವರು. ಅಳಿಸಿ ನೋಡಿದೆವು. ಮೇಲಿನ ಚೌಕ ಹೋದ ಕೂಡಲೆ ಅದರ ಕೆಳಗಿನ ಮೊದಲನೆಯ ಚೌಕ ತಾನಾಗಿ ಏರಿ ಆ ಸ್ಥಾನದಲ್ಲಿ ಕುಳಿತುಬಿಟ್ಟಿತು. ಕಾರ್ಯನಿರ್ವಾಹಕ ಅಧಿಕಾರಿಯ ನೆತ್ತಿಯ ಮೇಲೆ ಯಾರೂ ಇಲ್ಲದಾಯಿತು. ಯಂತ್ರಕ್ಕೆ ಖಾಲಿ ಜಾಗವೆಂಬುದು ತಿಳಿಯದು; ಮೇಲೊಂದು ಹೆಸರು ಇರಲೇಬೇಕು, ಇಲ್ಲದಿದ್ದರೆ ಕೆಳಗಿನವನನ್ನು ಎತ್ತಿ ಕೂಡ್ರಿಸುವದು. ಆದರೆ ಜನರು ಆರಿಸಿ ಕಳಿಸಬೇಕಾದವರ ಸ್ಥಾನ ತೆರವಾಗಿದೆಯೆಂಬುದಕ್ಕೂ, ಅಂಥ ಸ್ಥಾನವೇ ಇಲ್ಲವೆಂಬುದಕ್ಕೂ ಅಜಗಜಾಂತರವಿದೆ. ಕೊನೆಗೆ ನಾವು ಚೌಕವನ್ನು ಉಳಿಸಿಕೊಂಡು, ಒಳಗಿನ ಬಣ್ಣ ತೆಗೆದು, ಅಂಚನ್ನು ತುಂಡುಗೆರೆಯದಾಗಿ ಮಾಡಿ 'ಅಧ್ಯಕ್ಷರು: ಚುನಾಯಿತ ಸ್ಥಾನ, ೨೦೨೧ರಲ್ಲಿ ತೆರವು' ಎಂದು ಬರೆದೆವು. ಆಡಳಿತಾಧಿಕಾರಿಗಳನ್ನು ಅದರ ಪಕ್ಕಕ್ಕೆ ತೂಗುಹಾಕಿದೆವು. ತುಂಡುಗೆರೆಗಾಗಿ ಚೌಕದ ಅಂಚಿನ ಮೇಲೆ ಬಲಗುಂಡಿ ಒತ್ತಿ, ಅಂಚಿನ ಬಗೆಯಲ್ಲಿ 'ಡ್ಯಾಶ್' ಆರಿಸಿಕೊಳ್ಳಬೇಕು.

ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಯ ಚೌಕವು ಇದಕ್ಕಿಂತ ಕಠಿಣವಾದದ್ದು. ಆತನಿಗೆ ಇಬ್ಬರು ಮೇಲಿನವರು. ಊರು ಆರಿಸಿದ ಪಂಚಾಯತಿಯ ಅಧ್ಯಕ್ಷರು ಒಂದು ಕಡೆಗೆ, ತಾಲೂಕಿನ ಕಾರ್ಯನಿರ್ವಾಹಕ ಅಧಿಕಾರಿ ಇನ್ನೊಂದು ಕಡೆಗೆ. ಸ್ಮಾರ್ಟ್‌ಆರ್ಟ್ ಒಂದು ಚೌಕಕ್ಕೆ ಒಬ್ಬನೇ ಯಜಮಾನನನ್ನು ಒಪ್ಪುವದು. ಅಧ್ಯಕ್ಷರ ಕೆಳಗೆ ಮಾತ್ರ ಕೂಡ್ರಿಸಿದರೆ ತಾಲೂಕಿನ ಕೈ ಕಾಣದು. ತಾಲೂಕಿನ ಕೆಳಗೆ ಮಾತ್ರ ಕೂಡ್ರಿಸಿದರೆ ಊರಿನ ಪಂಚಾಯತಿಯು ಸರಕಾರದ ಒಂದು ಶಾಖೆಯಾಗಿ ತೋರುವದು. ಪಠ್ಯಪುಸ್ತಕಗಳ ಅನೇಕ ನಕ್ಷೆಗಳಲ್ಲಿ ಈ ಎರಡನೆಯ ರೀತಿಯೇ ಇರುವದನ್ನು ಕಂಡಿದ್ದೇನೆ. ಅದು ಸಂವಿಧಾನದ ೭೩ನೆಯ ತಿದ್ದುಪಡಿಯ ಆಶಯಕ್ಕೆ ಒಪ್ಪುವಂಥದಲ್ಲವೆಂದು ನನ್ನ ಮತ.

ಉಪಾಯವೆಂದರೆ, ಈ ಭಾಗದ ನಕ್ಷೆಯನ್ನು ಸ್ಮಾರ್ಟ್‌ಆರ್ಟಿನ ಹಂಗಿಲ್ಲದೆ ಬರೆಯುವದು. 'ಇನ್ಸರ್ಟ್', 'ಶೇಪ್ಸ್' ಎಂಬಲ್ಲಿ ಕೊನೆಗೆ 'ನ್ಯೂ ಡ್ರಾಯಿಂಗ್ ಕ್ಯಾನ್‌ವಾಸ್' ಎಂಬುದಿದೆ. ಆ ಕ್ಯಾನ್‌ವಾಸಿನೊಳಗೆ ಚೌಕಗಳನ್ನು ಬರೆದು, ಕೂಡುಗೆರೆಯ ತುದಿಯನ್ನು ಚೌಕದ ಅಂಚಿನ ಚುಕ್ಕೆಗೆ ಮುಟ್ಟಿಸಿದರೆ ಗೆರೆ ಅಲ್ಲಿ ಅಂಟಿಕೊಳ್ಳುವದು. ಮುಂದೆ ಚೌಕ ಎಲ್ಲಿಗೆ ಸರಿದರೂ ಗೆರೆ ಜೊತೆಗೆ ಬರುವದು. ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶವಿದ್ದವರು ಅದರ 'ಡ್ರಾ'ದಲ್ಲಿ ಇದೇ ಕೆಲಸವನ್ನು ಸುಲಭವಾಗಿ ಮಾಡಬಹುದು. ಅಧ್ಯಕ್ಷರಿಂದ ಅಧಿಕಾರಿಗೆ ಒಂದು ಪೂರ್ಣಗೆರೆ, ತಾಲೂಕಿನಿಂದ ಒಂದು ತುಂಡುಗೆರೆ ಎಳೆದು, ಯಾವ ಗೆರೆಗೆ ಏನು ಅರ್ಥವೆಂಬುದನ್ನು ಕೆಳಗೆ ಬರೆಯಬೇಕು. ಕೈಯಿಂದ ಬರೆದ ಚೌಕಗಳು ಸೊಟ್ಟಗೆ ನಿಲ್ಲುವದು ಸಹಜ. ಒಂದೇ ದರ್ಜೆಯವುಗಳನ್ನು ಶಿಫ್ಟ್ ಹಿಡಿದು ಒಟ್ಟಿಗೆ ಆರಿಸಿ, 'ಅಲೈನ್' ಎಂಬಲ್ಲಿ ಒಂದೇ ಸಾಲಿಗೆ ತಂದು, 'ಡಿಸ್ಟ್ರಿಬ್ಯೂಟ್' ಎಂಬುದರಿಂದ ನಡುವಿನ ಅಂತರ ಸಮಮಾಡಬೇಕು. ಒಂದೇ ದರ್ಜೆಯ ಇಬ್ಬರಲ್ಲಿ ಒಬ್ಬರ ಚೌಕ ಕೂದಲೆಳೆಯಷ್ಟು ಮೇಲಿದ್ದರೂ ಕಚೇರಿಯಲ್ಲಿ ಅದನ್ನು ಗುರುತಿಸುವ ಕಣ್ಣುಗಳಿರುತ್ತವೆ!

ಸ್ಮಾರ್ಟ್‌ಆರ್ಟಿನಲ್ಲಿಯೂ ಅಂದಕ್ಕಾಗಿ ಅಲ್ಪಸ್ವಲ್ಪ ಸರಿಸುವ ಪ್ರಸಂಗ ಬರುವದು. ಆಗ ಚೌಕವನ್ನು ಆರಿಸಿ, ಕಂಟ್ರೋಲ್ ಹಿಡಿದು ಬಾಣದ ಗುಂಡಿ ಒತ್ತಿದರೆ ಎಳ್ಳಿನಷ್ಟೆಳ್ಳಿನಷ್ಟೇ ಸರಿಯುವದು. ಎಲ್ಲ ಚೌಕಗಳನ್ನೂ ಸೇರಿಸಿಯಾದ ಮೇಲೆಯೇ ಈ ಕೆಲಸ ಮಾಡಬೇಕು. ಸರಿಸಿದ ಮೇಲೆ ಹೊಸ ಚೌಕ ಸೇರಿಸಿದರೆ ಸಾಲು ಕೆಡುವ ಸಂಭವವಿದೆ. ತೀರ ಗೊಂದಲವಾದರೆ 'ರಿಸೆಟ್ ಗ್ರಾಫಿಕ್' ಎಂಬುದನ್ನು ಒತ್ತಿದಾಗ ಎಲ್ಲವೂ ಮೊದಲಿನ ಜಾಗಕ್ಕೆ ಮರಳುವವು, ಬಳಿದ ಬಣ್ಣಗಳು ಹೋಗುವವೆಂಬುದು ಅದರ ದಂಡ. ಒಬ್ಬ ಕಂದಾಯ ನಿರೀಕ್ಷಕರ ಕೆಳಗೆ ಹಳ್ಳಿಗಳು ಬಹಳವಾಗಿ ನಕ್ಷೆ ಅಡ್ಡಡ್ಡ ಬೆಳೆದರೆ, ಆ ಮೇಲಿನ ಚೌಕವನ್ನು ಆರಿಸಿ 'ಲೇಔಟ್' ಎಂಬಲ್ಲಿ 'ರೈಟ್ ಹ್ಯಾಂಗಿಂಗ್' ಮಾಡಬೇಕು. ಆಗ ಹಳ್ಳಿಗಳೆಲ್ಲ ಒಂದರ ಕೆಳಗೊಂದು ತೂಗಿಕೊಳ್ಳುವವು. ಹಾಗೆ ಕೆಳಗೆ ತೂಗಿದ ಹಳ್ಳಿಯು ಮೇಲಿನ ಹಳ್ಳಿಗಿಂತ ಕಡಿಮೆಯದಲ್ಲ. ಗೆರೆ ಎಲ್ಲವಕ್ಕೂ ಒಂದೇ ಕಂಬದಿಂದ ಹೊರಟಿದೆ ಎಂಬುದನ್ನು ಗಮನಿಸಬೇಕು.

ಹುಕ್ಕೇರಿಯ ಗೆಳೆಯರು ತಂದ ನಕ್ಷೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ವಿಚಾರಕ್ಕೆ ಹಚ್ಚಿತು. ವಿದ್ಯುತ್ತಿನ ವಿಷಯ ಬಂದಾಗ ಗೋಕಾಕ ಹಾಗೂ ಮೂಡಲಗಿಯವರು ನಿರಾಯಾಸವಾಗಿ ಹೆಸ್ಕಾಂ ಎಂದು ಮೇಲೆ ಬರೆದು, ಹುಬ್ಬಳ್ಳಿಯ ಮುಖ್ಯ ಕಚೇರಿಯಿಂದ ಊರಿನ ಲೈನ್‌ಮನ್ನನವರೆಗೆ ಗೆರೆ ಇಳಿಸಿದರು. ಆದರೆ ಹುಕ್ಕೇರಿಯಲ್ಲಿ ೧೯೬೯ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಬೇರೆ ಕಡೆಗೆ ಕಂಪನಿ ಮಾಡುವ ವಿತರಣೆಯ ಕೆಲಸವನ್ನು ಅಲ್ಲಿ ಬಳಕೆದಾರರೇ ಸದಸ್ಯರಾಗಿರುವ ಸಂಘ ಮಾಡುವದು. ಕರ್ನಾಟಕದಲ್ಲಿ ಇಂಥದು ಇದೊಂದೇ. ಸದಸ್ಯರು ನಿರ್ದೇಶಕರನ್ನು ಆರಿಸುವರು, ನಿರ್ದೇಶಕರು ಅಧ್ಯಕ್ಷರನ್ನು ಆರಿಸುವರು, ಮಂಡಳಿಯ ಕೆಳಗೆ ನೌಕರರು ದುಡಿಯುವರು, ನೌಕರರು ಸದಸ್ಯರ ಮನೆಗೆ ದೀಪ ಕೊಡುವರು. ಹಾಗಾದರೆ ಸದಸ್ಯನ ಚೌಕ ಎಲ್ಲಿ? ಎಲ್ಲಕ್ಕೂ ಮೇಲೆಯೋ, ಎಲ್ಲಕ್ಕೂ ಕೆಳಗೆಯೋ? ಹುಕ್ಕೇರಿಯವರು ಸರ್ವ ಸದಸ್ಯರ ಸಭೆಯನ್ನು ಎಲ್ಲಕ್ಕೂ ಮೇಲೆ ಕೂಡ್ರಿಸಿದ್ದರು. ಬಿಲ್ಲು ತುಂಬುವ ಬಳಕೆದಾರನೆಂದು ಅದೇ ಸದಸ್ಯನನ್ನು ಎಲ್ಲಕ್ಕೂ ಕೆಳಗೆ ಇನ್ನೊಮ್ಮೆ ಬರೆದಿದ್ದರು. ಒಬ್ಬನೇ ಮನುಷ್ಯ ಎರಡು ಕಡೆಗೆ! ಮೊದಲು ನಕ್ಕೆವು. ಆಮೇಲೆ ಗೋಕಾಕದ ಪಂಚಾಯತಿಯ ನಕ್ಷೆಯನ್ನು ನೋಡಿದಾಗ ಅದರಲ್ಲಿ ಅಧ್ಯಕ್ಷರಿದ್ದರು, ಅಧಿಕಾರಿಗಳಿದ್ದರು, ಕರವಸೂಲಿಗಾರನಿದ್ದನು, ನೀರು ಬಿಡುವವನೂ ಇದ್ದನು, ಗ್ರಾಮಸಭೆಯೇ ಇದ್ದಿಲ್ಲ. ಊರ ಮತದಾರರೆಲ್ಲ ಕೂಡಿದ ಆ ಸಭೆಗೆ ಕಾಯದೆಯಲ್ಲಿ ಸ್ಥಾನವಿದ್ದು, ನಮ್ಮ ಹಾಳೆಯ ಮೇಲೆ ಇದ್ದಿಲ್ಲ. ಮೆಕ್ಯಾಲಮ್‌ನ ಗಿಡದಂತೆ ಬುಡದಲ್ಲಿ ಬೇರಾಗಿ ಬರೆಯೋಣವೆಂದು ಒಬ್ಬರು, ಹುಕ್ಕೇರಿಯವರಂತೆ ನೆತ್ತಿಯ ಮೇಲೆಯೇ ಇರಲೆಂದು ಇನ್ನೊಬ್ಬರು ವಾದಿಸಿದರು. ಬುಡದಲ್ಲಿ ಇಟ್ಟರೆ ಓದುವವರು ಅದನ್ನು ಬೇರೆಂದು ತಿಳಿಯದೆ ಜವಾನನಿಗಿಂತ ಕೆಳಗಿನದೆಂದು ತಿಳಿದಾರೆಂಬ ಭಯದಿಂದ ಮೇಲೆಯೇ ಇಟ್ಟೆವು. ಗುರುಗಳು ಅದನ್ನು ಒಪ್ಪಿದರು, ಆದರೆ ಕಾಯದೆಯ ಕಲಮನ್ನು ಅಡಿಯಲ್ಲಿ ಬರೆಯಿರೆಂದು ಹೇಳಿದರು.

ಉಳಿದದ್ದು ಸಣ್ಣ ಮಾತು. ಚೌಕದಲ್ಲಿ ವ್ಯಕ್ತಿಯ ಹೆಸರು ಬರೆಯದೆ ಹುದ್ದೆಯ ಹೆಸರು ಬರೆಯಬೇಕು. ವರ್ಗಾವಣೆಯ ಕಾಲದಲ್ಲಿ ಹೆಸರುಗಳ ಆಯುಷ್ಯ ಮಾವಿನ ಹಂಗಾಮಿನಷ್ಟು. ಪುಟವನ್ನು ಅಡ್ಡವಾಗಿ ಇಟ್ಟುಕೊಳ್ಳಬೇಕು. ಅಂಗಡಿಗೆ ಒಯ್ಯುವ ಮೊದಲು ಪಿ.ಡಿ.ಎಫ್. ಮಾಡಿಕೊಂಡರೆ ಚೌಕಗಳು ದಾರಿಯಲ್ಲಿ ಸರಿಯವು. ಒಂದು ಮೂಲೆಯಲ್ಲಿ ತಿಂಗಳನ್ನೂ ವರ್ಷವನ್ನೂ ಬರೆಯುವದನ್ನು ಮರೆಯಬಾರದು. ಮೂಡಲಗಿಯನ್ನು ಇನ್ನೂ ಗೋಕಾಕದ ಕೆಳಗೆ ತೋರಿಸುವ ನಕ್ಷೆಯೊಂದನ್ನು ನಾನು ಒಂದು ಗೋಡೆಯ ಮೇಲೆ ಕಂಡೆ, ಅದು ಯಾವ ವರ್ಷದ್ದೆಂಬುದು ಅದರ ಮೇಲೆ ಎಲ್ಲಿಯೂ ಇದ್ದಿಲ್ಲ. ನಮ್ಮ ಮೂರೂ ತಾಲೂಕಿನ ನಕ್ಷೆಗಳು ರಾಜ್ಯಶಾಸ್ತ್ರ ವಿಭಾಗದ ಗಣಕಯಂತ್ರದಲ್ಲಿವೆ. ಊರಿನ ಗ್ರಂಥಾಲಯಕ್ಕೋ ಪಂಚಾಯತಿಯ ಕಟ್ಟೆಗೋ ಒಂದು ಪ್ರತಿ ಬೇಕೆನ್ನುವವರು ಪೆನ್‌ಡ್ರೈವ್ ತಂದು ಹಾಕಿಸಿಕೊಂಡು ಹೋಗಬಹುದು.